ಬಿಳಿ ಅಂದರೆ

ಚಾಕೆ ಚಾಕೆಯ ನೀರಿನ ಕಚೇರಿ. ಮೂರು ಕುರ್ಚಿ, ಒಂದು ಫ್ಯಾನು,
ಮೇಜಿನ ತುಂಬ ಬಾಟಲಿ.
ಒಂದೊಂದರ ಮೇಲೂ ಒಂದು ಬಾವಿಯ ಹೆಸರು, ನನ್ನದೇ ಕೈಬರಹ,
ಪೆಂಬಾ ದ್ವೀಪವನ್ನು ಹತ್ತೊಂಬತ್ತು ದಿನ ಸುತ್ತಿ ತಂದದ್ದು.
ಸಮುದ್ರ ಒಳಗೊಳಗೇ ಬಂದು
ಯಾರ ಬಾವಿಗೆ ಉಪ್ಪು ಸುರಿದಿದೆ, ಯಾರದಕ್ಕೆ ಇನ್ನೂ ಇಲ್ಲ,
ಅದನ್ನು ಶುಕ್ರವಾರದೊಳಗೆ
ಒಂದೇ ಹಾಳೆಯಲ್ಲಿ ಬಣ್ಣ ಹಚ್ಚಿ ತೋರಿಸಬೇಕಂತೆ.

ತಂತ್ರಾಂಶಕ್ಕೆ ಕಾಸು ಕೊಟ್ಟಿಲ್ಲ.
ಯಾರೋ ಎಲ್ಲೋ ಕೂತು ಬರೆದು, ತಗೊಳ್ಳಿ ಅಂತ ಬಿಟ್ಟದ್ದು,
ದಾರಿಬದಿಗೆ ಅರವಟ್ಟಿಗೆ ಇಟ್ಟ ಹಾಗೆ.
ಇಳಿಸಿಕೊಳ್ಳಲು ಮಾತ್ರ ಎರಡು ರಾತ್ರಿ,
ನಡುವೆ ಮೂರು ಸಲ ಕರೆಂಟು ಹೋಯಿತು.

ಮೊದಲು ಗಡಿಗಳ ಪದರ ಬಂತು.
ಎಲ್ಲ ಊರೂ ಒಂದೇ ಬೂದು,
ಒಡೆದ ಮಡಕೆಯ ಚೂರು ಜೋಡಿಸಿಟ್ಟಂತೆ.
ಆಮೇಲೆ ನನ್ನ ಕೋಷ್ಟಕ: ಎಡಕ್ಕೆ ಊರು, ಬಲಕ್ಕೆ ಉಪ್ಪು.
ಹೆಸರಿಗೆ ಹೆಸರು ಗಂಟು ಹಾಕು ಅಂದೆ, ಹಾಕಿತು.
ತಿಳಿಹಳದಿಯಿಂದ ಕಪ್ಪುಗಂದಿನ ತನಕ ಐದು ಮೆಟ್ಟಿಲು.
ದ್ವೀಪ ಕಾವಲಿಯ ಮೇಲಿನ ರೊಟ್ಟಿಯ ಹಾಗೆ
ಅಲ್ಲಲ್ಲಿ ಬೆಂದು, ಅಲ್ಲಲ್ಲಿ ಸೀದು ಎದ್ದು ಬಂತು.

ಇಲ್ಲೊಂದು ಮಾತು ಹೇಳಲೇಬೇಕು.
ಮೆಟ್ಟಿಲನ್ನು ಸಮ ಅಂತರಕ್ಕೆ ಕಡಿದರೆ ಎರಡೇ ಊರು ಕಪ್ಪು,
ಊರುಗಳನ್ನೇ ಸಮಪಾಲು ಮಾಡಿದರೆ ಹನ್ನೊಂದು.
ಬಾಟಲಿಯೊಳಗಿನ ನೀರು ಅದೇ.
ಒಂದು ಗುಂಡಿ ಒತ್ತಿ ಒಂಬತ್ತು ಊರಿಗೆ ಉಪ್ಪು ತಿನ್ನಿಸಬಲ್ಲೆ,
ಇನ್ನೊಂದು ಒತ್ತಿ ಕಕ್ಕಿಸಬಲ್ಲೆ.
ಬೆರಳು ಮೌಸಿನ ಮೇಲೆ ಎಷ್ಟೋ ಹೊತ್ತು ಹಾಗೇ ಇತ್ತು.
ಕೊನೆಗೆ ಬಾವಿಕಟ್ಟೆಯ ಹೆಂಗಸರ ಲೆಕ್ಕವನ್ನೇ ಹಿಡಿದೆ:
ಕುಡಿಯುವ ನೀರು, ಬೇಯಿಸುವ ನೀರು, ನೆಲ ತೊಳೆಯುವ ನೀರು,
ಮೇಕೆಯೂ ಮೂಸಿ ಮುಖ ತಿರುಗಿಸುವ ನೀರು.
ನಾಲ್ಕೇ ಮೆಟ್ಟಿಲು. ಸಾಕು.

ಗುರುವಾರ ಮಧ್ಯಾಹ್ನ ಮಿಯೊಂಬೊನಿಯ ಶೆಹಾ ಬಂದರು, ಮಕಾಮೆ ಕೊಂಬೊ.
ಟೋಪಿ ತೆಗೆದು ತೊಡೆಯ ಮೇಲಿಟ್ಟು,
ಪರದೆಗೆ ಮೂಗು ತಾಗುವಷ್ಟು ಬಗ್ಗಿ ತಮ್ಮ ಊರು ಹುಡುಕಿದರು.
ಸುತ್ತ ಕಂದು. ನಡುವೆ ಅದೊಂದೇ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ.
"ಅಲ್ಹಮ್ದುಲಿಲ್ಲಾ, ನಮ್ಮದು ಸಿಹಿನೀರು ಅನ್ನುತ್ತಿದೆ ನಿನ್ನ ಯಂತ್ರ.
ಮನೆಗೆ ಹೋಗಿ ನನ್ನ ನಾಲಿಗೆಗೆ ತಿಳಿಸುತ್ತೇನೆ."

ಬಿಳಿ ಅಂದರೆ ಸಿಹಿ ಅಲ್ಲ, ಮ್ಜೇ.
ಬಿಳಿ ಅಂದರೆ ನಮಗೆ ಗೊತ್ತಿಲ್ಲ ಅಂತ.

"ಗೊತ್ತಿಲ್ಲವೇ? ರಂಜಾನಿಗೆ ಮುಂಚೆ ನೀನೇ ಬಂದಿದ್ದೆಯಲ್ಲ ಜುವೇನಾ,
ನನ್ನ ಮೊಮ್ಮಗಳು ಹಗ್ಗ ಹಿಡಿದಳು, ನೀನು ತುಂಬಿಸಿಕೊಂಡೆ."
ಬಾಟಲಿ ಇತ್ತು. ಸಾಲಿನ ಕೊನೆಗೆ, ಕಿಟಕಿಯ ಪಕ್ಕ.

ಹುಡುಕಿದೆ. ಗಡಿ ಗೀಚಿದವರು ಊರ ಹೆಸರಿನ ನಡುವಿನ
ಒಂದು ಯಕಾರ ನುಂಗಿದ್ದರು,
ನಾನು ಜನ ಕರೆಯುವ ಹಾಗೆ ಬರೆದಿದ್ದೆ.
ಒಂದು ಅಕ್ಷರದ ಸಂದಿಯಲ್ಲಿ ಇಡೀ ಊರು ಜಾರಿತ್ತು.
ಯಂತ್ರ ಸುಳ್ಳು ಹೇಳಿರಲಿಲ್ಲ, ಸುಮ್ಮನಿತ್ತು, ಅಷ್ಟೆ.

ಅಕ್ಷರ ಸೇರಿಸಿದೆ. ಮಿಯೊಂಬೊನಿ ಕಪ್ಪಾಯಿತು,
ಮೇಕೆಯ ಮೆಟ್ಟಿಲಿಗೆ ಇಳಿಯಿತು.
ಮಕಾಮೆ ತಲೆಯಾಡಿಸಿದರು. ಟೋಪಿ ಹಾಕಿಕೊಂಡರು.
ಬಾಗಿಲ ತನಕ ಹೋಗಿ ತಿರುಗಿ ಬಂದರು.
"ಬೀ ಮಸಿಕಾ ತೋಡಿಸಿದ ಬಾವಿ ಎಲ್ಲಿ? ಅದೊಂದು ಇನ್ನೂ ಸಿಹಿ.
ಅರ್ಧ ಊರು ಅಲ್ಲೇ ಸೇದುವುದು."
ಒಂದು ಊರಿಗೆ ಒಂದೇ ಬಣ್ಣ, ಮ್ಜೇ.
"ಯಾರು ಹೇಳಿದ್ದು?"
ಉತ್ತರ ನನ್ನ ಹತ್ತಿರ ಇರಲಿಲ್ಲ.

ಶುಕ್ರವಾರ ಪ್ರಿಂಟರಿನಲ್ಲಿ ಹಳದಿ ಶಾಯಿ ಮುಗಿದಿತ್ತು.
ಕಂದೆಲ್ಲ ನೇರಳೆ. ತಿಳಿಹಳದಿಯ ಸಿಹಿನೀರಿನ ಊರುಗಳು
ಬೆಳ್ಳಗೇ ಹೊರಬಂದವು,
ನಮಗೇನೂ ಗೊತ್ತಿಲ್ಲದವುಗಳ ಹಾಗೆ.
ಇನ್ನೊಂದು ತೆಗೆಯಲು ಹೊತ್ತಿಲ್ಲ, ಜೀಪು ಕೂಗುತ್ತಿತ್ತು.

ಮಿಯೊಂಬೊನಿಯ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟೆ.
ಕೆಳಗಿನ ಸೂಚಿಯಲ್ಲಿ ಅದಕ್ಕೆ ಅರ್ಥ ಬರೆದಿಲ್ಲ.
ಯಾರಾದರೂ ಕೇಳಲಿ ಅಂತ.