ನಾಲ್ಕು ಒಂಬತ್ತು

ಕ್ವೆತಾ ಮೊದಲು ಉಂಗುರ ತೆಗೆದಿಡುತ್ತಾಳೆ
ಕಿಟಕಿಯ ಹಲಗೆ ಮೇಲೆ, ಚಹದ ಲೋಟದ ಪಕ್ಕ.
ಆಮೇಲೆ ಕೈಗವಸು. ಆಮೇಲೆ ಚಿಮಟ.
ಆಮೇಲೆ ಉಸಿರು ಬಿಗಿಹಿಡಿದು
ಲಕೋಟೆಯಿಂದ ಜಾರಿಸುತ್ತಾಳೆ ಹೊರಗೆ
ಚಿನ್ನವನ್ನು.

ತೊಂಬತ್ತೊಂಬತ್ತು, ಚುಕ್ಕೆ, ಮತ್ತೆ ಎರಡು ಒಂಬತ್ತು.
ಕೂದಲೆಳೆಯ ಮೂರರಲ್ಲೊಂದು ಪಾಲು ದಪ್ಪ,
ಅಂಗಿಯ ಗುಂಡಿಯಷ್ಟಗಲ,
ಗುಲಗಂಜಿಯಷ್ಟೂ ತೂಕವಿಲ್ಲ.

ನೂರು ವರ್ಷ ಇಟ್ಟರೂ ಮಾಸದಂತೆ ಇದು.
ಆದರೂ ಕ್ವೆತಾ ಹೆದರುವುದು ನನ್ನ ಬೆರಳಿಗೆ:
'ಬೆವರಿನ ಉಪ್ಪೂ ರಿಯಾಕ್ಟರಿನೊಳಗೆ ಚುರುಕಾಗುತ್ತದೆ ಹುಡುಗಾ,
ನಿನ್ನ ಲೆಕ್ಕದೊಳಗೆ ನೀನೇ ಬಂದು ಕೂರುತ್ತೀಯ.'

ಸೇರಿದ ಮೊದಲ ವಾರ ನಾನೊಮ್ಮೆ ಸೀನಿದೆ.
ತಕ್ಕಡಿಯಿಂದ ಹಾರಿತು ಹಾಳೆ.
ಟಾರ್ಚು ಹಿಡಿದು ಇಬ್ಬರೂ ಮೇಜಿನಡಿ ಮಂಡಿಯೂರಿ
ಮುಕ್ಕಾಲು ಗಂಟೆ;
ಸಿಕ್ಕಿದ್ದು ಅವಳದೇ ಬೂಟಿನ ಅಟ್ಟೆಯಲ್ಲಿ, ಸುಕ್ಕಾಗಿ.
ತಗಡಾಗಿದ್ದರೆ ಪುಟಿದೇಳುತ್ತಿತ್ತು.
ಇದಕ್ಕೆ ಹಟವಿಲ್ಲ,
ಮಡಿಸಿದರೆ ಮಡಿಕೆಯಾಗಿಯೇ ಇರುತ್ತದೆ.

ನೀಲಿ ಬೆಳಗುವ ನೀರಿನಾಳಕ್ಕೆ
ಅಲ್ಯೂಮಿನಿಯಂ ಕೊಳವೆಯಲ್ಲಿ ಇಳಿಸುತ್ತೇವೆ.
ಅಲ್ಲಿ ಎಷ್ಟು ನ್ಯೂಟ್ರಾನುಗಳ ಓಡಾಟವೋ
ಹೋಗಿ ನೋಡಿ ಬಾ ಎಂದು.
ಹೋದ ಹಾಗೆಯೇ ಬರುತ್ತದೆ, ಅದೇ ಹಳದಿ, ಅದೇ ತೆಳುವು.
ಸೀಸದ ಗೂಡಿನಲ್ಲಿ ಕೂರಿಸಿದರೆ ಮಾತ್ರ
ಪರದೆಯಲ್ಲಿ ನಾನೂರ ಹನ್ನೆರಡರ ಹತ್ತಿರ
ಸೂಜಿಯ ಹಾಗೆ ಏಳುತ್ತದೆ ಗೆರೆ.
ಮೂರು ದಿನ ತುಂಬುವ ಮೊದಲೇ ಅದರ ಅರ್ಧ.
ಮತ್ತೂ ಅಷ್ಟು ಹೊತ್ತಿಗೆ ಅರ್ಧದರ್ಧ.

'ಹೋಗುವುದೆಲ್ಲಿಗೆ?' ಎಂದೆ.
'ಪಾದರಸವಾಗುತ್ತದೆ' ಎಂದಳು, ಪೆನ್ನಿನ ಮುಚ್ಚಳ ಕಚ್ಚಿಕೊಂಡೇ.
'ಹಿಂದೆ ಪ್ರಾಗಿನ ದೊರೆಗಳು ಅನ್ನ ಹಾಕಿ ಸಾಕಿದರು
ಪಾದರಸವನ್ನು ಬಂಗಾರ ಮಾಡುತ್ತೇವೆ ಎಂದವರನ್ನು.
ನಾವು ತಿಂಗಳ ಸಂಬಳಕ್ಕೆ
ತಿರುಗಾಮುರುಗಾ ಮಾಡುತ್ತಿದ್ದೇವೆ ನೋಡು.'

ಸಂಜೆ ಕೈ ತೊಳೆಯುವಾಗ ಕೇಳಿದೆ:
'ನಿಮ್ಮ ಉಂಗುರ ಅಪರಂಜಿಯೆ?'
ನಕ್ಕಳು. 'ಸಾವಿರಕ್ಕೆ ಐನೂರ ಎಂಬತ್ತೈದು.
ಉಳಿದದ್ದು ತಾಮ್ರ, ಒಂದಿಷ್ಟು ಬೆಳ್ಳಿ.
ವ್ರಾತಿಸ್ಲಾವ್ ಟ್ರಾಮ್ ಓಡಿಸುತ್ತಿದ್ದ,
ಕೊಂಡದ್ದು ಕಂತಿನಲ್ಲಿ.
ಚೊಕ್ಕವಾಗಿದ್ದರೆ ಮೊದಲ ಚಳಿಗಾಲದಲ್ಲೇ,
ಹಿಮ ಗೋರುವ ಸಲಿಕೆಯ ಹಿಡಿಗೇ,
ಬಾಗಿ ಮುಗಿಯುತ್ತಿತ್ತು.'

ಬಸ್ಸಿಗೆ ಹೊತ್ತಾಯಿತೆಂದು ಕೋಟು ಹೆಗಲಿಗೆಸೆದು
ಹೊರಟೇಬಿಟ್ಟಳು.

ಲೋಟದ ಪಕ್ಕ ಉಂಗುರ ಹಾಗೇ ಇತ್ತು.
ಒಳಬದಿಗೆ ಸವೆದ ಒಂದು ತಾರೀಖು,
ಸಾಬೂನಿನ ಬಿಳಿ, ಗೀರು, ಗೀರು.
ಎತ್ತಿಕೊಂಡು ಓಡಿದೆ ವ್ಲ್ತಾವಾ ದಂಡೆಯ ಇಳಿಜಾರಿನಲ್ಲಿ
ಬಸ್ಸಿನ ದೀಪ ತಿರುವಿಗೆ ಬರುವಷ್ಟರಲ್ಲಿ,

ಚಿಮಟ ಹುಡುಕದೆ,
ಬೆವೆತ ಬರಿಗೈಯಲ್ಲಿ.