ಏಳನೆಯ ಹಾಸಿಗೆ

ಮುಖ ಬರೆಯಕೂಡದು ಎಂದಿದ್ದರು ಮೊದಲೇ.
ಹುಡುಕಿಕೊಂಡು ಬರುವವರಿರುತ್ತಾರೆ.
ಹಾಗಾಗಿ ಅಬರ್ಡೀನಿನ ಆ ಕಲ್ಲುಕಟ್ಟಡದಲ್ಲಿ
ಮೂರು ವಾರ ನಾನು ಬರೆದದ್ದು
ಕೊಕ್ಕೆಗೆ ತೂಗುಬಿಟ್ಟ ಒದ್ದೆ ಕೋಟು,
ಹೆಸರು ಅಂಟಿಸಿದ ಹಾಲಿನ ಡಬ್ಬಿ,
ಲೋಟದೊಳಗೆ ಯಾರದೋ ಹಲ್ಲುಸೆಟ್ಟು,
ಏಳನೆಯ ಹಾಸಿಗೆ.

ಇಶ್‌ಬೆಲ್ ಚಹಾ ಹಿಡಿದು ಬಂದು ಹಿಂದೆ ನಿಂತಳು.
ಬಹಳ ಹೊತ್ತು ನೋಡಿದಳು.
"ಸುಳ್ಳು," ಅಂದಳು.
"ಇಷ್ಟು ನೀಟಾಗಿ ಯಾರು ಮಲಗುತ್ತಾರೆ ಇಲ್ಲಿ?
ನನ್ನ ಬೂಟು ಎಲ್ಲಿ?"

ಮಂಚದ ಕೆಳಗೆ ಬಗ್ಗಿ ನೋಡಿದೆ.
ನಕ್ಕಳು. ದಿಂಬು ಎತ್ತಿ ತೋರಿಸಿದಳು:
ಜೋಡಿ ಬೂಟು, ಲೇಸು ಲೇಸಿಗೆ ಗಂಟು.
ಬೀದಿಯಲ್ಲಿ ಹನ್ನೊಂದು ತಿಂಗಳು;
ಬೂಟು ಹೋದರೆ ಕಾಲೇ ಹೋದಂತೆ.

ಆ ಉಬ್ಬು ಬರೆಯಲು ಎರಡು ದಿನ ಹಿಡಿಯಿತು.
ಬಿಳಿಗೆ ಚೂರು ಬೂದು, ಮೇಲೊಂದು ಚಿಟಿಕೆ ಹಳದಿ.
ಬೂಟು ಕಾಣಬಾರದು,
ಇದೆ ಅಂತ ಗೊತ್ತಾಗಬೇಕು.

ಹರಾಜಿನ ಸಂಜೆ ವೈನು, ಚೀಸು, ಮೆಲುದನಿ.
ಸಮುದ್ರದಲ್ಲಿ ತೈಲ ತೆಗೆಯುವ ಕಂಪನಿಯವನೊಬ್ಬ
ಆರುನೂರ ನಲವತ್ತು ಪೌಂಡು ಕೂಗಿದ.
"ಎಷ್ಟು ಶಾಂತವಾಗಿದೆ," ಅಂದಳು ಅವನ ಹೆಂಡತಿ.
ಅತಿಥಿಗಳ ಕೋಣೆಗೆ ಹೊಂದುತ್ತದಂತೆ.

ಮರುದಿನ ಹೇಳಿದೆ.
ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ಇಶ್‌ಬೆಲ್
ಚಾಕು ನಿಲ್ಲಿಸಲಿಲ್ಲ.
"ನನ್ನ ಹಾಸಿಗೆಗೆ ಮನೆ ಸಿಕ್ಕಿತು ಅನ್ನು.
ಕಿಟಕಿ ಇದೆಯಾ ಆ ಕೋಣೆಗೆ?"
ನಾನು ಕೇಳಿರಲಿಲ್ಲ.

ಆ ದುಡ್ಡಲ್ಲಿ ಬಾಯ್ಲರ್ ರಿಪೇರಿಯಾಗಿದೆ.
ಬಿಸಿನೀರು ಬರುವ ಮುಂಚೆ ಕೊಳವೆ
ಮೂರು ಸಲ ಕೆಮ್ಮುತ್ತದೆ, ಸಾಲಿನಲ್ಲಿ ನಿಂತ
ಹೆಂಗಸರೆಲ್ಲ ಟವೆಲು ಸರಿಪಡಿಸಿಕೊಳ್ಳುತ್ತಾರೆ.
ಆ ಕೆಮ್ಮನ್ನು ಹೇಗೆ ಬರೆಯುವುದೋ
ಇನ್ನೂ ತಿಳಿದಿಲ್ಲ.