ಅಂಗೈಗೆ ಕೇಳಿದ್ದು

ಮುರಿಗೆಪ್ಪ ಮೇಸ್ತ್ರಿಗೆ ಎಡಗಿವಿ ಪೂರಾ ಇಲ್ಲ,
ಬಲಗಿವಿ ಇದ್ದೂ ಇಲ್ಲದ ಹಾಗೆ.
ಹತ್ತೊಂಬತ್ತು ವರ್ಷ ಹತ್ತಿ ಮಿಲ್ಲಿನ ಮಗ್ಗದ ಸಾಲಿನಲ್ಲಿ
ಕಿವಿ ಅಡವಿಟ್ಟು ತಂದ ಪಗಾರ.
ಮಿಲ್ಲು ಮುಚ್ಚಿತು, ಅಡವು ಬಿಡಿಸಿಕೊಳ್ಳಲಾಗಲಿಲ್ಲ.
ಈಗ ದಾವಣಗೆರೆಯ ರೈಲ್ವೆ ಗೇಟಿನಾಚೆ
ಎಂಟಡಿ ಅಂಗಡಿ, ಒಂದು ಬೇವು, ಎರಡು ಸ್ಟೂಲು, ನಾನು.

ದಾದಾಪೀರ್ ಬಂದಿಳಿದ,
ರೆಪ್ಪೆಯ ಮೇಲೂ ಮಂಡಕ್ಕಿ ಭಟ್ಟಿಯ ಬೂದಿ.
"ಮುಂದಿನ ಬ್ರೇಕ್ ಹಿಡಿದ್ರೆ ಹ್ಯಾಂಡಲ್ ಗದಗದ ನಡುಗ್ತೈತಿ ಮೇಸ್ತ್ರಿ,
ಮ್ಯಾಲೆ ಕಿರ್ರೋ ಅಂತ ಒದರ್ತೈತಿ.
ಎರಡು ಸಲ ಪ್ಯಾಡ್ ಹಾಕಿಸ್ದೆ.
ರೊಕ್ಕ ಹೋತು, ಸದ್ದು ಉಳೀತು."
ಮೇಸ್ತ್ರಿ ಅವನ ತುಟಿ ನೋಡಿದರು, ಆಮೇಲೆ ನನ್ನ ಬೆರಳು.

ನಮ್ಮ ಕರಾರು ಹೀಗೆ:
ನಡುಕ ಅವರದು, ಸದ್ದು ನನ್ನದು.
ಅವರು ಓಡಿಸುತ್ತಾರೆ, ಹಿಂದೆ ಕೂತ ನಾನು
ಕೇಳಿದ್ದನ್ನು ಅವರ ಬೆನ್ನಿನ ಮೇಲೆ ಬರೆಯುತ್ತೇನೆ.
ಮಗ್ಗದ ಆರ್ಭಟದಲ್ಲಿ ಬಾಯಿ ದಂಡ;
ನೂಲು ಹರೀತು, ಚಾ ಬಂತು, ಸೂಪರ್‌ವೈಜರ್ ಬಂದ,
ಎಲ್ಲಕ್ಕೂ ಅಲ್ಲಿ ಸನ್ನೆ.
ಅವನ್ನೇ ತಿದ್ದಿ ನನಗೆ ಕಲಿಸಿದ್ದಾರೆ.
ನೂಲು ಹರಿದರೆ ಕಿರುಚು,
ಬೆರಳು ಸುತ್ತಿದರೆ ಗಾಲಿಯ ಸುತ್ತಿಗೊಮ್ಮೆ,
ಮುಷ್ಟಿಯಾದರೆ ಗುಂಡಿಗೆ ಇಳಿದಾಗ ಮಾತ್ರ.
ಸೂಪರ್‌ವೈಜರ್ ಸನ್ನೆಯೊಂದನ್ನು ತಿದ್ದಿಲ್ಲ;
ಫೈನಾನ್ಸಿನವರು ಬಂದಾಗ ಬೇಕಾಗುತ್ತದೆ.

ಗೋದಾಮಿನ ತನಕ ಹೋಗಿ ಮೆಲ್ಲಗೆ ಹಿಡಿದರು.
ಬೆನ್ನ ಮೇಲೆ ನನ್ನ ಬೆರಳು ಸುತ್ತಿತು, ಸುತ್ತಿತು, ಸುತ್ತಿತು.
ಗಾಡಿ ನಿಲ್ಲುವ ಕೊನೆಯ ಗೇಣಿನಲ್ಲಿ
ನೂಲು ಹರಿಯಿತು.

ಅಂಗಡಿಗೆ ಬಂದು ಬ್ರೇಕ್ ಬಿಗಿಹಿಡಿದು
ಗಾಡಿಯನ್ನು ಹಿಂದೆ ಮುಂದೆ ತೂಗಿದರು,
ತೊಟ್ಟಿಲಿನ ಹಾಗಲ್ಲ, ಹಠದ ಹೋರಿಯ ಹಾಗೆ.
ಕೋನ್‌ಸೆಟ್ಟಿನ ಸಂದಿಯಲ್ಲಿ ಬೆರಳಿಟ್ಟರೆ ಟಕ್ ಇಲ್ಲ.
ಫೋರ್ಕಿಗೆ ಹಳೇ ಕಡ್ಡಿಯೊಂದು ಕಟ್ಟಿ
ತುದಿಯನ್ನು ಡಿಸ್ಕಿಗೆ ಕೂದಲಷ್ಟು ದೂರ ನಿಲ್ಲಿಸಿ
ಗಾಲಿ ತಿರುಗಿಸಿದೆ.
ಸಂದು ಹಿಗ್ಗಲಿಲ್ಲ, ಕುಗ್ಗಲಿಲ್ಲ. ಡಿಸ್ಕ್ ಸೊಟ್ಟಗಿಲ್ಲ.
ನಟ್ಟು ಬೋಲ್ಟು ಎಲ್ಲಾ ಬಿಗಿ.

ಆಗ ಮೇಸ್ತ್ರಿ ಕಣ್ಣು ಮುಚ್ಚಿ
ನೇಯ್ದ ಥಾನಿನಲ್ಲಿ ಗಂಟು ಹುಡುಕುವವರ ಹಾಗೆ
ಡಿಸ್ಕನ್ನು ಬೆರಳ ತುದಿಯಲ್ಲಿ ಸವರುತ್ತ ಹೋದರು.
ಒಂದು ಕಡೆ ಬೆರಳು ನಿಂತಿತು.
ಬಲ್ಬು ಹಿಡಿದೆ:
ಉಕ್ಕಿನ ಹೊಳಪಿನಲ್ಲಿ ಒಂದು ಕಂದು ನೆರಳು,
ಪ್ಯಾಡಿನಷ್ಟೇ ಉದ್ದ, ಪ್ಯಾಡಿನಷ್ಟೇ ಅಗಲ.

"ಎಷ್ಟು ದಿನ ನಿಂತಿತ್ತೋ ಗಾಡಿ?"
"ನಿಂತಿಲ್ಲ ಮೇಸ್ತ್ರಿ, ದಿನಾ ಮೂಟೆ ಹೊರ್ತೈತಿ."
"ಎಷ್ಟು ದಿನ?"
ದಾದಾಪೀರ್ ಬೇವಿನ ಮರ ನೋಡಿದ.
ಎಲೆಗಳನ್ನು ಎಣಿಸುವಷ್ಟು ಹೊತ್ತು.
"ಸ್ಟೇಷನ್ನಿನಾಗೆ. ಮೂರು ತಿಂಗಳು. ಮಳೆ ಇತ್ತು.
ತಮ್ಮ ಒಯ್ದಿದ್ದ, ಪೇಪರ್ ಇರಲಿಲ್ಲ..."
ಮುಂದಿನದನ್ನು ಮೇಸ್ತ್ರಿ ಅವನ ತುಟಿಯಿಂದ ಓದಲಿಲ್ಲ,
ಅಷ್ಟರಲ್ಲೇ ಕ್ಯಾಲಿಪರ್ ಕಡೆ ತಿರುಗಿಬಿಟ್ಟಿದ್ದರು.

ತೊಯ್ದ ಪ್ಯಾಡು ತೊಯ್ದ ಡಿಸ್ಕನ್ನು ಅಪ್ಪಿಕೊಂಡು
ಮೂರು ತಿಂಗಳು ಒಂದೇ ಜಾಗದಲ್ಲಿ ನಿಂತರೆ
ಮೇಲೆ ಹೊಸ ಪ್ಯಾಡ್ ಹಾಕಿ ಏನು ಬಂತು?
ಪ್ರತಿ ಸುತ್ತಿಗೂ ಆ ಕಲೆ ಎಡವುತ್ತದೆ.
ಕ್ಯಾಲಿಪರಿನ ಪಿನ್ನೂ ತುಕ್ಕು ಹಿಡಿದು ಕಲ್ಲಾಗಿತ್ತು,
ಸರಿದುಕೊಳ್ಳಲಾರದೆ ಕಿರುಚುತ್ತಿತ್ತು.

ಪಿನ್ನು ಉಜ್ಜಿ ಗ್ರೀಸ್ ಹಚ್ಚಿದೆ.
ಕನ್ನಡಿಯಾಗಿದ್ದ ಪ್ಯಾಡಿನ ಮುಖಕ್ಕೆ ಉಪ್ಪುಕಾಗದ.
ಡಿಸ್ಕಿಗೆ ಮೇಸ್ತ್ರಿ ತಾವೇ ಕೂತರು,
ಎರಡೂ ಮಗ್ಗುಲು, ಒಂದೂವರೆ ತಾಸು.
"ಹೋಗ್ಲಿಲ್ಲ ಅಂದ್ರೆ ಹೊಸಾದೇ ಹಾಕ್ಬೇಕು," ಅಂದರು
ಬೇಕಾದ್ದಕ್ಕಿಂತ ಜೋರಾಗಿ, ಎಂದಿನಂತೆ.

ಸಂಜೆ ಮತ್ತೆ ಗೋದಾಮಿನ ತನಕ.
ಮೂರು ಸಲ ಹಿಡಿದರು: ಮೆಲ್ಲಗೆ, ನಡುವೆ, ಗಟ್ಟಿಯಾಗಿ.
ಅಂಗೈಯಲ್ಲಿ ನಡುಕವಿಲ್ಲವೆಂದು ತಲೆಯಾಡಿಸಿ
ನನ್ನ ಪಾಲಿಗಾಗಿ ಬೆನ್ನು ಕೊಟ್ಟು ಕಾದರು.
ನನ್ನ ಬೆರಳು ಗಾಳಿಯಲ್ಲೇ ಉಳಿಯಿತು.
ಸದ್ದಿಲ್ಲ ಅನ್ನುವುದಕ್ಕೆ
ಮಿಲ್ಲಿನಲ್ಲಿ ಸನ್ನೆಯೇ ಇರಲಿಲ್ಲ.

ಏನೂ ತೋಚದೆ
ಚಾ ಬಂತು ಅನ್ನುವ ಸನ್ನೆ ಬರೆದೆ.
ಮೇಸ್ತ್ರಿ ನಕ್ಕು, ಗಾಡಿಯನ್ನು
ನಿಜಕ್ಕೂ ಚಾದಂಗಡಿಯ ಕಡೆ ತಿರುಗಿಸಿದರು.